ಗಂಟು ಬಿಚ್ಚದೆ ಹೋದ ಬಿಲ್ಲೆ

ಡೇರೆ ಸಿನಿಮಾದಲ್ಲಿ ಮ್ಯಾಂಡೊಲಿನ್ ಬಾರಿಸಿ ಹೊಟ್ಟೆ ಹೊರೆದವನು ನಾನು. ಹಾಗೆಂದರೆ ಈಗಿನ ಹುಡುಗರು ಮುಖ ಮುಖ ನೋಡುತ್ತಾರೆ. ಪರದೆಯ ಮೇಲಿನ ಬೊಂಬೆಗಳೇ ಬಾಯಿಬಿಟ್ಟು ಹಾಡುವ ಕಾಲ ಇದು. ನಮ್ಮ ಕಾಲದಲ್ಲಿ ಅವು ಮೂಗ ಬೊಂಬೆಗಳು. ರಾಜ ಗದರಿದರೂ ಸದ್ದಿಲ್ಲ, ರಾಣಿ ಎದೆ ಬಡಿದುಕೊಂಡರೂ ಸದ್ದಿಲ್ಲ. ಆ ಸದ್ದನ್ನೆಲ್ಲ ಪರದೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತ ನಾವು ಒದಗಿಸಬೇಕಿತ್ತು. ಮಾತಾಡುವ ಚಿತ್ರ ಬಂತು, ನಮ್ಮನ್ನು ಮನೆಗೆ ಕಳಿಸಿತು. ಅದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ಚನ್ನಪಟ್ಟಣದ ನಮ್ಮ ಮನೆಯ ಜಗಲಿಗೆ ವಾದ್ಯ ಕಲಿಯುವವರು ಆಗಾಗ ಬರುತ್ತಾರೆ. ನಾಟಕದ ಕಂಪನಿ ಸೇರಬೇಕೆನ್ನುವವರು, ಮದುವೆ ಮನೆಗಳಲ್ಲಿ ಬಾರಿಸುವವರು. ಎಲ್ಲರೂ ಕೇಳುವುದು ರಾಗದ ವಿಚಾರ. ಬಾರಿಸುತ್ತಿರುವಾಗ ಕೈಯ ಬಿಲ್ಲೆ ಬಿದ್ದುಹೋದರೆ ಏನು ಮಾಡಬೇಕು ಎಂದು ಒಬ್ಬನೂ ಕೇಳುವುದಿಲ್ಲ. ರಾಗ ತಪ್ಪಿದರೆ ತಿಳಿಯುವುದು ಹತ್ತರಲ್ಲಿ ಒಬ್ಬನಿಗೆ. ಸದ್ದು ನಿಂತರೆ ತೊಟ್ಟಿಲ ಮಗುವಿಗೂ ತಿಳಿಯುತ್ತದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಮ್ಯಾಂಡೊಲಿನ್ನಿನ ತಂತಿ ಉಕ್ಕಿನದು. ಬರಿಯ ಬೆರಳಿಂದ ಮೀಟಿದರೆ ಚರ್ಮ ಕಿತ್ತುಬರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಉಗುರಿನಗಲದ ಒಂದು ಚೂರು ಹಿಡಿದು ಮೀಟಬೇಕು. ಅದನ್ನು ನಾವು ಬಿಲ್ಲೆ ಅನ್ನುತ್ತಿದ್ದೆವು. ನನ್ನ ಬಿಲ್ಲೆಯನ್ನು ನಮ್ಮಪ್ಪ ಮಾಡಿಕೊಟ್ಟಿದ್ದರು. ಅವರು ಚಿತ್ತಾರದ ಬೊಂಬೆ ಕಡೆಯುವವರು. ಮಗ ಬೊಂಬೆ ಕಡೆಯುವ ಚರಕಿ ಬಿಟ್ಟು ವಾದ್ಯ ಹಿಡಿದನೆಂದು ಆರು ತಿಂಗಳು ಮಾತು ಬಿಟ್ಟಿದ್ದರು. ಆಮೇಲೊಂದು ದಿನ ಎಮ್ಮೆಯ ಕೊಂಬನ್ನು ತೆಳ್ಳಗೆ ಸೀಳಿ, ಬೊಂಬೆಗೆ ಹಾಕಿದ ಹಾಗೆ ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟು, ಒಂದು ಮೂಲೆಗೆ ಕೆಂಪು ಅರಗಿನ ಬೊಟ್ಟಿಟ್ಟು ಕೈಗೆ ಹಾಕಿದರು. ಆ ಕೆಂಪು ಬೊಟ್ಟನ್ನು ನೆನಪಿಟ್ಟುಕೊಳ್ಳಿ.

ನನ್ನ ಉಸ್ತಾದರು ಖಾದರ್ ಸಾಬರು. ಡೇರೆಯಲ್ಲಿ ಹಾರ್ಮೋನಿಯಂ ಅವರದು, ತಬಲದವನಿಗೂ ನನಗೂ ಅವರೇ ಗುರು. ಅವರ ಮೊದಲನೇ ಪಾಠ, ಬಿದ್ದ ಬಿಲ್ಲೆಗೆ ಬಗ್ಗಬಾರದು. ಬಿದ್ದರೆ ಬೀಳಲಿ, ಉಗುರಲ್ಲಿ ಮೀಟು, ಬೆರಳಲ್ಲಿ ಮೀಟು, ಕೊನೆಗೆ ವಾದ್ಯದ ಹೊಟ್ಟೆಯ ಮೇಲೆ ತಾಳ ಹಾಕು, ಆದರೆ ಬಗ್ಗಿ ಹುಡುಕಬೇಡ. ಡೇರೆಯ ನೆಲಕ್ಕೆ ಮರಳು ಹಾಸಿರುತ್ತಿತ್ತು. ಮರಳಿಗೆ ಬಿದ್ದದ್ದು ಕತ್ತಲಲ್ಲಿ ಹೇಗೂ ಸಿಗುವುದಿಲ್ಲ, ಅದಕ್ಕೇ ಹೇಳುತ್ತಾರೆ ಎಂದು ನಾನು ತಿಳಿದಿದ್ದೆ. ಒಂದು ಸಂಜೆ ಬೀಡಿ ಸೇದುತ್ತಾ ಇನ್ನೊಂದು ಕಾರಣ ಹೇಳಿದರು.

"ನಾವು ಬಾರಿಸ್ತಾ ಇರೋಗಂಟ ಆ ನೆರಳುಗಳು ನಮ್ಮ ಮಾತು ಕೇಳ್ತವೆ, ಬೇಟಾ. ನಾವು ನಿಂತ್ರೆ ಕೂತಿರೋ ಜನದ ಮಾತು ಕೇಳಿಸ್ಕೊಂಬುಡ್ತವೆ."

ಮುದುಕರ ಮಾತೆಂದು ನಾನು ನಕ್ಕೆ. ಅವರು ನಗಲಿಲ್ಲ.

ಮೊದಲ ಸಲ ಬಿಲ್ಲೆ ಕೈತಪ್ಪಿದ್ದು ಮಾಗಡಿಯಲ್ಲಿ. ತಿಪ್ಪಸಂದ್ರ, ಕಲ್ಯದ ಕಡೆಯಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ಪರದೆಯ ಮೇಲೆ ಋಷಿಯೊಬ್ಬ ತಪಸ್ಸಿಗೆ ಕೂತಿದ್ದ. ಬಿಲ್ಲೆ ಜಾರಿ ನೆಟ್ಟಗೆ ವಾದ್ಯದ ಹೊಟ್ಟೆಯೊಳಗೆ ಬಿತ್ತು. ಬಗ್ಗಬೇಡ ಎಂದಿದ್ದರೇ ಹೊರತು ಅಲ್ಲಾಡಿಸಬೇಡ ಎಂದಿರಲಿಲ್ಲವಲ್ಲ, ತಲೆಕೆಳಗೆ ಮಾಡಿ ಗಲಗಲ ಅಲ್ಲಾಡಿಸಿದೆ. ಅದೇ ಹೊತ್ತಿಗೆ ಋಷಿ ಕಣ್ಣು ಬಿಟ್ಟ. ಜನಕ್ಕೆ ಅದೆಷ್ಟು ಹಿಡಿಸಿತೆಂದರೆ, ಮರುದಿನದಿಂದ ಋಷಿ ಕಂಡ ಕೂಡಲೇ ಗಿಲಕಿ ಆಡಿಸು ಎಂದು ಕೂಗುವವರು. ಡೇರೆಯ ಯಜಮಾನ ನಂಜುಂಡಪ್ಪನವರು ಅದನ್ನೇ ದಿನವೂ ಮಾಡಲು ಹುಕುಂ ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಜಾತಿಯ ಮನುಷ್ಯ ಅವರು. ತೂತು ಬಿದ್ದ ಡೇರೆಗೆ ಜರಿಯ ಝಾಲರಿ ಕಟ್ಟಿಸುತ್ತಿದ್ದರು. ಮಾಗಡಿ ಬಿಡುವವರೆಗೂ ನಾನು ವಾದ್ಯಗಾರನಾಗಿರಲಿಲ್ಲ, ಗಿಲಕಿಯವನಾಗಿದ್ದೆ.

ಕ್ಲೋಸ್‌ಪೇಟೆಯಲ್ಲಿ ಇನ್ನೊಮ್ಮೆ ಬಿತ್ತು. ಆಗ ತಬಲದವನ ಜೇಬಿಂದ ಬಾಚಣಿಗೆ ಎಳೆದು, ಅದರ ತುದಿಯ ಹಲ್ಲು ಮುರಿದು ಅದರಲ್ಲೇ ಮೀಟಿ ಆಟ ಮುಗಿಸಿದೆ. ಬಿಲ್ಲೆ ಬೆಳಗ್ಗೆ ಮರಳಲ್ಲಿ ಸಿಕ್ಕಿತು. ತಬಲದವನು ನನ್ನ ಮೇಲೆ ಮುನಿಸಿಕೊಂಡು ಅದೇ ಮೊಂಡು ಬಾಚಣಿಗೆಯಲ್ಲಿ ಬಹಳ ಕಾಲ ತಲೆ ಬಾಚಿದ. ಬಾಚಣಿಗೆ ಸಿಗದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ತೇದು ಚಪ್ಪಟೆ ಮಾಡಿಟ್ಟುಕೊಳ್ಳಿ, ಒಂದು ಹಾಡಿಗೆ ಸಾಕು. ತೆಂಗಿನ ಚಿಪ್ಪಿನ ಚೂರು ಇನ್ನೂ ಒಳ್ಳೆಯದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಬಿಲ್ಲೆಯನ್ನು ದೂರುತ್ತಾ ಕೂರಬೇಡಿ.

ಅಲ್ಲೇ ರೇಷ್ಮೆ ನೂಲು ತೆಗೆಯುವ ಸಾಬರೊಬ್ಬರು ದಿನವೂ ನಮ್ಮ ಮುಂದೆ ಬಂದು ಕೂರುತ್ತಿದ್ದರು. ನನ್ನ ಪಾಡು ನೋಡಿ, ಬಿಲ್ಲೆಗೊಂದು ತೂತು ಕೊರೆದು ರೇಷ್ಮೆ ಎಳೆ ಪೋಣಿಸಿ ಬೆರಳಿಗೆ ಕಟ್ಟಿಕೊಳ್ಳಿ ಎಂದರು. ನಮ್ಮಪ್ಪನಿಂದ ತೂತು ಕೊರೆಸಿದೆ. ಆ ನೂಲಿನ ಸಾಬರೇ ಹುರಿ ಹೊಸೆದು ಕೊಟ್ಟರು. ಬಿಲ್ಲೆಯ ತೂತಿನಲ್ಲಿ ಒಂದು ಗಂಟು, ಬೆರಳಿಗೆ ಉಂಗುರದ ಹಾಗೆ ಒಂದು ಕುಣಿಕೆ. ಜಾರಿದರೂ ಬೆರಳಲ್ಲೇ ತೂಗಾಡುತ್ತಿತ್ತು, ಎಳೆದುಕೊಂಡು ಮುಂದೆ ಬಾರಿಸಬಹುದಿತ್ತು. ಆಮೇಲೆ ನಾನು ಬಿಲ್ಲೆಯ ಚಿಂತೆಯನ್ನೇ ಬಿಟ್ಟೆ. ನನಗೆ ತಿಳಿದಂತೆ ರೇಷ್ಮೆ ಎಳೆ ಕತ್ತರಿಸಬಹುದು, ಸುಡಬಹುದು, ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಇನ್ನು ಕಾನಕಾನಹಳ್ಳಿಯ ವಿಚಾರ. ಇದನ್ನು ನಾನು ಹೆಚ್ಚು ಜನಕ್ಕೆ ಹೇಳಿಲ್ಲ. ಕೇಳಿದವರೂ ನಂಬಿಲ್ಲ.

ದೊಡ್ಡ ಯುದ್ಧ ಮುಗಿದು ಕೆಲವು ಕಾಲವಾಗಿತ್ತು. ನಂಜುಂಡಪ್ಪನವರು ಎಲ್ಲಿಂದಲೋ ಯುದ್ಧದ ಒಂದು ತುಣುಕು ಚಿತ್ರ ತಂದಿದ್ದರು. ದೊಡ್ಡ ಚಿತ್ರಕ್ಕೆ ಮುಂಚೆ ಅದನ್ನು ಆಡಿಸುತ್ತಿದ್ದರು. ಕಡಲಾಚೆಯ ಮರಳುಗಾಡು. ದಂಡಿನ ಕುದುರೆಗಳು ಧೂಳೆಬ್ಬಿಸಿಕೊಂಡು ಸಾಲಾಗಿ ಹೋಗುತ್ತವೆ. ಕೊನೆಯಲ್ಲಿ ಒಬ್ಬ ಚಾಕರಿಯವನು ಒಂದು ಕುಂಟು ಕುದುರೆಯ ಹಗ್ಗ ಹಿಡಿದು ನಡೆಸಿಕೊಂಡು ಹೋಗುತ್ತಾನೆ. ಅವನ ಬೆನ್ನು ಮಾತ್ರ ಕಾಣುತ್ತದೆ. ಅವನು ತಿರುಗುವುದಿಲ್ಲ. ಹಾಗೇ ನಡೆದು ಪರದೆಯ ಅಂಚು ದಾಟುತ್ತಾನೆ, ತುಣುಕು ಮುಗಿಯುತ್ತದೆ. ಸಾಲು ಕುದುರೆಗಳಿಗೆ ನಾವು ಮೂವರೂ ಜೋರಾಗಿ ಬಾರಿಸುತ್ತಿದ್ದೆವು. ಕುಂಟು ಕುದುರೆ ಬಂದಾಗ ಉಸ್ತಾದರು ಹಾರ್ಮೋನಿಯಂ ನಿಲ್ಲಿಸಿ ತಬಲಕ್ಕೂ ಕೈ ತೋರುತ್ತಿದ್ದರು. ಆಗ ನನ್ನ ಮ್ಯಾಂಡೊಲಿನ್ ಒಂದೇ, ಮೆಲ್ಲಗೆ, ಬಿಡದೆ. ಊರೂರಲ್ಲಿ ಆಡಿಸಿ ಆ ತುಣುಕು ನಮಗೆ ಬಾಯಿಪಾಠವಾಗಿತ್ತು.

ಅರ್ಕಾವತಿಯಿಂದ ಮರಳು ತಂದು ಹಾಸಿ ಡೇರೆ ಹಾಕಿದ್ದೆವು. ಒಂದು ಸಂಜೆ ದೀಪ ಹಚ್ಚುವ ಹೊತ್ತಿನ ಮೊದಲ ಆಟಕ್ಕೆ ಕಬ್ಬಾಳಿನ ಕಡೆಯ ಒಬ್ಬ ಹೆಣ್ಣುಮಗಳು ಮಾವನ ಜೊತೆ ಬಂದು ನನ್ನ ಚಾಪೆಯ ಪಕ್ಕದಲ್ಲೇ ಕೂತಳು. ಹೆಸರು ಕೆಂಪಮ್ಮ. ಕೈ ತುಂಬ ಹಸಿರು ಬಳೆ. ಕುಂಟು ಕುದುರೆ ಬಂದಾಗ ಅವಳು ಮೊಣಕಾಲ ಮೇಲೆ ಎದ್ದಳು. ಮರುದಿನವೂ ಬಂದಳು, ಅದರ ಮರುದಿನವೂ. ತುಣುಕು ಮುಗಿಯುತ್ತಲೇ ಎದ್ದು ಹೋಗುವಳು. ದೊಡ್ಡ ಚಿತ್ರ ಅವಳಿಗೆ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಡೇರೆಯ ಹೊರಗೆ ಬೇವಿನ ಮರದ ಕೆಳಗೆ ತಂತಿ ಬದಲಾಯಿಸುತ್ತಾ ಕೂತಿದ್ದೆ. ಅವಳು ಬಂದು ನಿಂತಳು. ಮಾವ ದೂರದಲ್ಲಿ ಬೆನ್ನು ಹಾಕಿಕೊಂಡು ಕೂತಿದ್ದ. ಅವಳು ಹೇಳಿದ್ದು ಇಷ್ಟು. ಗಂಡ ಮಹಾರಾಜರ ದಂಡಿನ ಕುದುರೆಗಳ ಜೊತೆ ಚಾಕರಿಗೆಂದು ಕಡಲು ದಾಟಿದವನು ತಿರುಗಿ ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ಬರುವ ಅಮಾವಾಸ್ಯೆ ಕಳೆದ ಮೇಲೆ ಅವನ ತಿಥಿ ಮಾಡಿ ಅವಳ ಬಳೆ ತೆಗೆಸುವುದೆಂದು ಮಾವ ದಿನ ಗೊತ್ತು ಮಾಡಿದ್ದ. ಅಷ್ಟರಲ್ಲಿ ಸಂತೆಗೆ ಬಂದಿದ್ದ ಊರವನೊಬ್ಬ, ನಿಮ್ಮವನು ಡೇರೆಯ ಬಟ್ಟೆ ಮೇಲೆ ನಡೀತಾನೆ ಎಂದು ಹೇಳಿದ. ಬಂದು ನೋಡಿದಳು. ಬೆನ್ನು ಅವನದೇ. ಎಡಭುಜ ಒಂದಿಷ್ಟು ಇಳಿಬಿಟ್ಟು ನಡೆಯುವುದು ಅವನ ನಡಿಗೆಯೇ.

ಮಾವ ಕೆಟ್ಟವನಲ್ಲ. ಅಲ್ಲಿಂದಲೇ ಮುಖ ತಿರುಗಿಸದೆ ನನಗೆ ಹೇಳಿದ.

"ಬೆನ್ ನೋಡಿ ಮಗ ಅನ್ನಕಾಯ್ತದಾ ಸ್ವಾಮಿ? ನೀರ್ ಬುಡ್ದೆ ಬುಟ್ರೆ ಅವ್ನು ಅಲೀತಾನೆ. ಮುಕ ಕಂಡ್ರೆ ನಾನೇ ಸುಮ್ಕಾಯ್ತೀನಿ."

ಅವಳಿಗೆ ಬೇಕಿದ್ದುದು ಅದೇ, ಮುಖ. ಅವನು ತಿರುಗಬೇಕು. ತಿರುಗಬೇಕಾದರೆ ಯಾರಾದರೂ ಕೂಗಬೇಕು. ಕೂಗಿದರೆ ಕೇಳಿಸಬೇಕು.

"ಒಸಿ ನಿಮ್ಮ ವಾದ್ಯ ನಿಲ್ಸಣ್ಣ. ಆ ಸದ್ದಿಗೆ ಅವ್ರಿಗೆ ಏನೂ ಕೇಳಿಸ್ತಿಲ್ಲ."

ಅದು ಚಿತ್ರ, ತಾಯಿ, ಎಂದೋ ತೆಗೆದದ್ದು, ಅದಕ್ಕೆ ಕಿವಿಯಿಲ್ಲ ಎಂದು ಹೇಳಿದೆ. ಹೇಳುವಾಗ ಉಸ್ತಾದರ ಮಾತು ನೆನಪಾಗಿ ನಾಲಗೆ ತಡವರಿಸಿತು. ಅಲ್ಲದೆ ಯಾರು ಕೂಗುವುದು? ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಸವೆಯುತ್ತದೆ. ದೀಪ ಹಚ್ಚುವ ಹೊತ್ತಿನಲ್ಲಿ ಸತ್ತವರ ಹೆಸರು ಕೂಗಬಾರದು, ಕೂಗಿದರೆ ಬರುತ್ತಾರೆ ಎಂದು ಮಾವ ಒಪ್ಪಲಿಲ್ಲ. ಅವನ ಲೆಕ್ಕಕ್ಕೆ ಮಗ ಸತ್ತಿದ್ದ. ಅವಳ ಲೆಕ್ಕಕ್ಕೆ ಬದುಕಿದ್ದ. ಇಬ್ಬರಿಗೂ ಬಾಯಿ ಕಟ್ಟಿತ್ತು. ಯಜಮಾನರ ಮಾತು ಮೀರಿ ವಾದ್ಯ ನಿಲ್ಲಿಸಲು ನನಗೂ ಆಗುತ್ತಿರಲಿಲ್ಲ. ಅವಳು ಹೋದಳು. ಅವಳ ಬಳೆಗಳ ಸದ್ದು ಬಹಳ ದೂರದವರೆಗೆ ಕೇಳಿಸುತ್ತಿತ್ತು.

ಅಮಾವಾಸ್ಯೆಯ ಹಿಂದಿನ ಸಂಜೆ. ಸೊಸೆ, ಮಾವ ಇಬ್ಬರೂ ಬಂದು ಕೂತರು. ನಾನು ಎಂದಿನಂತೆ ಬೆರಳಿಗೆ ಕುಣಿಕೆ ಏರಿಸಿ, ಗಂಟು ಎಳೆದು ನೋಡಿಕೊಂಡೆ. ಸಾಲು ಕುದುರೆಗಳು ಹೋದವು. ಉಸ್ತಾದರು ಕೈಯೆತ್ತಿದರು. ಹಾರ್ಮೋನಿಯಂ ನಿಂತಿತು, ತಬಲ ನಿಂತಿತು. ಕುಂಟು ಕುದುರೆ ಬಂತು. ನಾನು ಮೀಟುತ್ತಿದ್ದೆ. ಆಮೇಲೆ ಮೀಟುತ್ತಿರಲಿಲ್ಲ.

ಬಿಲ್ಲೆ ಜಾರಿದ್ದು ತಿಳಿಯಲಿಲ್ಲ. ಯಾರೋ ಮೆಲ್ಲಗೆ ಬೆರಳ ಸಂದಿಯಿಂದ ತೆಗೆದುಕೊಂಡ ಹಾಗಿತ್ತು. ಹುರಿ ಎಳೆದುಕೊಳ್ಳಲು ನೋಡಿದರೆ ಕುಣಿಕೆ ಬೆರಳಲ್ಲಿದೆ, ಹುರಿಯಿದೆ, ಹುರಿಯ ತುದಿಯಲ್ಲಿ ಗಂಟೂ ಹಾಕಿದ ಹಾಗೇ ಇದೆ. ನಡುವೆ ಬಿಲ್ಲೆ ಇಲ್ಲ. ಉಗುರಲ್ಲಿ ಮೀಟಬೇಕೆಂದು ತಿಳಿದಿತ್ತು. ಕೈ ತಂತಿಯ ಮೇಲೆ ಇಳಿಯಲಿಲ್ಲ. ಡೇರೆಯೊಳಗೆ ಚಿತ್ರ ತಿರುಗಿಸುವ ಮಿಷನ್ನಿನ ಕರಕರ ಒಂದೇ ಉಳಿಯಿತು.

ಆಗ ಕೆಂಪಮ್ಮ ಗಂಡನ ಹೆಸರು ಹಿಡಿದು ಕೂಗಿದಳು.

"ಮರಿಯಪ್ಪಾ."

ಜೋರಾಗಿಯೂ ಅಲ್ಲ. ಹೊಲದಲ್ಲಿರುವವನನ್ನು ಊಟಕ್ಕೆ ಕರೆದ ಹಾಗೆ.

ಪರದೆಯ ಮೇಲಿನವನು ನಿಂತ. ಮಿಷನ್ನು ನಿಂತಿರಲಿಲ್ಲ. ನಿಂತಿದ್ದರೆ ದೀಪದ ಕಾವಿಗೆ ಚಿತ್ರ ಸುಟ್ಟುಹೋಗುತ್ತಿತ್ತು. ಅವನ ಹಿಂದೆ ಧೂಳು ಏಳುತ್ತಲೇ ಇತ್ತು, ಕುದುರೆ ಬಾಲ ಬೀಸುತ್ತಲೇ ಇತ್ತು. ಅವನು ಮಾತ್ರ ನಿಂತು, ಎಡಭುಜದ ಮೇಲಿಂದ ಮುಖ ತಿರುಗಿಸಿ ಜನ ಕೂತ ಕಡೆ ನೋಡಿದ. ಮುಖ ಹೇಗಿತ್ತೆಂದು ನಾನು ಹೇಳಲಾರೆ. ಪರದೆಯ ಮಗ್ಗುಲಲ್ಲಿ ಕೂತವನಿಗೆ ಎಲ್ಲರ ಮುಖವೂ ಉದ್ದಕ್ಕೆ ಎಳೆದ ಸೋರೆಕಾಯಿಯೇ. ಆದರೆ ನನ್ನ ಹಿಂದೆ ಕೆಂಪಮ್ಮನ ಮಾವ, ಆ ಮುದುಕ, ಅಯ್ಯೋ ಮಗನೇ, ಎಂದದ್ದು ಈ ಕಿವಿಯಲ್ಲಿ ಕೇಳಿದ್ದೇನೆ. ಉಸ್ತಾದರು ಎರಡೂ ಕೈಯಿಂದ ಹಾರ್ಮೋನಿಯಂ ಮೇಲೆ ಬಿದ್ದರು. ಸದ್ದು ಬಂತು. ತುಣುಕು ಮುಗಿಯಿತು.

ಆ ದಿನ ಬಂದವರಲ್ಲಿ ಅರ್ಧ ಜನ ಅವನು ತಿರುಗಿದ ಎಂದರು. ಅರ್ಧ ಜನ, ಅವನು ದಿನವೂ ತಿರುಗುತ್ತಿರಲಿಲ್ಲವೇ ಎಂದರು. ದಿನವೂ ಎರಡೆರಡು ಸಲ ನೋಡಿದ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೆಳಗ್ಗೆ ನನ್ನ ಚಾಪೆ ಎತ್ತಿ, ಸುತ್ತಲ ಮರಳನ್ನೆಲ್ಲ ಜರಡಿ ಹಿಡಿದೆವು. ಬೀಡಿ ತುಂಡು ಸಿಕ್ಕವು, ಯಾರದೋ ಕಾಲುಂಗುರ ಸಿಕ್ಕಿತು. ಬಿಲ್ಲೆ ಸಿಗಲಿಲ್ಲ. ಉಸ್ತಾದರು ನನ್ನ ಬೆರಳಿನ ಹುರಿಯನ್ನು ಬಿಚ್ಚದೆ, ಕತ್ತರಿಸಿ ತೆಗೆದರು. ಅದನ್ನು ಒಲೆಗೆ ಹಾಕಿ ಕೈ ತೊಳೆದುಕೊಂಡರು.

ಆ ಸಂಜೆ ಎರವಲು ಬಿಲ್ಲೆ ಹಿಡಿದು ಕೂತೆ. ಸಾಲು ಕುದುರೆಗಳು ಹೋದವು. ಕುಂಟು ಕುದುರೆ ಬಂತು. ಕುದುರೆ ಮಾತ್ರ. ಹಗ್ಗ ಮುಂದಕ್ಕೆ ಬಿಗಿಯಾಗಿ ಚಾಚಿಕೊಂಡಿತ್ತು, ಹಿಡಿದವರು ಇರಲಿಲ್ಲ. ಕುಂಟುತ್ತಾ ತಾನೊಂದೇ ಅಂಚು ದಾಟಿತು. ನನ್ನ ಕೈ ಬಾರಿಸುತ್ತಲೇ ಇತ್ತು, ಏನು ಬಾರಿಸಿತೋ ದೇವರೇ ಬಲ್ಲ. ಮಿಷನ್ನಿನವನು ಚಿತ್ರಕ್ಕೆ ಕತ್ತರಿ ಹಾಕಿಲ್ಲವೆಂದು ಕಬ್ಬಾಳಮ್ಮನ ಮೇಲೆ ಆಣೆ ಮಾಡಿದ. ನಂಜುಂಡಪ್ಪನವರಿಗೆ ಹೇಳಿದರೆ, ಕುದುರೆ ಇದೆಯಲ್ಲ, ಸಾಲದೇ, ಬಂದವರು ಕುದುರೆ ನೋಡಲಿ ಎಂದರು. ಎರಡು ದಿನ ಬಿಟ್ಟು, ಯಾರ ಹತ್ತಿರವೂ ಏನೂ ಹೇಳದೆ ಅವರೇ ಆ ತುಣುಕು ನಿಲ್ಲಿಸಿಬಿಟ್ಟರು.

ಆ ಸಂಜೆ ಕೆಂಪಮ್ಮ ಒಬ್ಬಳೇ ಬಂದಿದ್ದಳು. ಬರಿಯ ಕುದುರೆಯನ್ನು ನೋಡಿ ಅವಳಿಗೆ ಏನಾಗುವುದೋ ಎಂದು ನನಗೆ ಭಯ. ಅವಳು ನನ್ನ ಕಡೆ ಬಾಗಿದಳು. ಮುಖದಲ್ಲಿ ನಗುವಿತ್ತು.

"ಹೊಂಟವ್ರೆ ಕಣಣ್ಣ. ಮನೆಗ್ ಬತ್ತಾವ್ರೆ."

ಅಷ್ಟು ಹೇಳಿ ಬೇಗಬೇಗ ಹೊರಟುಹೋದಳು, ಅಡುಗೆಗೆ ಹೊತ್ತಾಯಿತು ಅನ್ನುವವಳ ಹಾಗೆ.

ಡೇರೆ ಎತ್ತಿ ಬೇರೆ ಊರುಗಳಿಗೆ ಹೋದೆವು. ಮುಂದಿನ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಮತ್ತೆ ಕಾನಕಾನಹಳ್ಳಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಒಂದು ಬೆಳಗ್ಗೆ ಆ ಕಡೆ ಹೋಗುವ ಗಾಡಿ ಹತ್ತಿ, ಮನೆ ಕೇಳಿಕೊಂಡು ಹೋದೆ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಾನು ಮೊದಲು ನೋಡಿದ್ದು ಕೈಯನ್ನು. ಬಳೆ ಇದ್ದವು.

ಮುದುಕ ಜಗಲಿಯಲ್ಲಿ ಕೂರಿಸಿ ನೀರು, ಬೆಲ್ಲ ಕೊಟ್ಟ. ಕೇಳದೆಯೇ ಹೇಳಿದ. ಅವಳು ಬರಿಯ ಕುದುರೆ ನೋಡಿ ಬಂದ ಮರುಬೆಳಗ್ಗೆ ಮುದುಕನೇ ಬೇಗ ಎದ್ದು ಬಾಗಿಲು ತೆರೆದ. ಅಂಗಳದ ತುಂಬ ಕುದುರೆಯ ಗೊರಸಿನ ಗುರುತು. ಸುತ್ತಲ ಹಳ್ಳಿಗಳಲ್ಲಿ ಕುದುರೆ ಇಟ್ಟವರಿಲ್ಲ. ಮೂರು ಗೊರಸು ಆಳವಾಗಿ ಊರಿದ್ದವು, ಒಂದು ನೆಲಕ್ಕೆ ತಾಗಿತ್ತಷ್ಟೆ. ಊರಿನವರು ಏಳುವ ಮುಂಚೆ ಅವನೇ ಪೊರಕೆ ತೆಗೆದುಕೊಂಡು ಗುಡಿಸಿ, ಸಗಣಿ ಸಾರಿಸಿದ. ತಿಥಿಯ ಮಾತು ಮತ್ತೆ ಎತ್ತಲಿಲ್ಲ. ಊರವರು ಕೇಳಿದರೆ, ನಮ್ಮನೆಯಲ್ಲಿ ಯಾರೂ ಸತ್ತಿಲ್ಲ ಅನ್ನುತ್ತಿದ್ದನಂತೆ.

"ಬಂದಿದ್ರು," ಎಂದಳು ಕೆಂಪಮ್ಮ, ಮೊರ ಕೆಳಗಿಟ್ಟು. "ಒಳಿಕ್ ಬನ್ನಿ ಅಂದೆ. ಕುದ್ರೆ ಆಚೆ ನಿಂತೈತೆ, ಕಾಲ್ ನೋಯ್ತದೆ ಅದುಕ್ಕೆ, ನಿಲ್ಲಾಕಿಲ್ಲ ಅಂದ್ರು. ಇದ್ನ ಕೊಟ್ಬುಟ್ ಹೋದ್ರು."

ಒಳಗೆ ಹೋಗಿ ಅರಿಸಿನದ ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ನನ್ನ ಬಿಲ್ಲೆ. ಮೂಲೆಯಲ್ಲಿ ನಮ್ಮಪ್ಪ ಇಟ್ಟ ಕೆಂಪು ಬೊಟ್ಟು. ಆ ಸಂಜೆ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು, ಮರಳಲ್ಲಿ ಅವಳ ಕೈಗೆ ಸಿಕ್ಕಿರಬಹುದು ಎಂದು ನನ್ನ ಬುದ್ಧಿ ಹೇಳಿತು. ಬುದ್ಧಿ ಹೇಳಿದ್ದನ್ನು ಕಣ್ಣು ಒಪ್ಪಲಿಲ್ಲ. ನಮ್ಮಪ್ಪ ಕೊರೆದ ತೂತಿನಲ್ಲಿ ಕುದುರೆ ಬಾಲದ ಒಂದು ಉದ್ದ ಕೂದಲು ಪೋಣಿಸಿತ್ತು. ಅದಕ್ಕೆ ಹಾಕಿದ್ದ ಗಂಟು ನನಗೆ ಬರುವ ಗಂಟಲ್ಲ. ಕುದುರೆ ಲಾಯದವರು ಹಗ್ಗಕ್ಕೆ ಹಾಕುವ ಗಂಟು.

ನಿಮ್ಮದಲ್ಲವಾ ತಗೊಳ್ಳಿ ಎಂದು ಅವಳು ಮುಂದೆ ಹಿಡಿದಳು. ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡೆ.

"ಇರ್ಲಿ ಬುಡವ್ವ. ಅವ್ರು ತಿರ್ಗಾ ಬಂದು ಕೇಳುದ್ರೆ?" ಎಂದೆ.

ಅದು ಸರಿ ಎನ್ನುವ ಹಾಗೆ ಅವಳು ತಲೆಯಾಡಿಸಿ, ಬಿಲ್ಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು.

ಆಮೇಲೆ ನಾನು ಎಷ್ಟೋ ಬಿಲ್ಲೆ ಹಿಡಿದೆ, ಎಷ್ಟೋ ಬೀಳಿಸಿದೆ. ಯಾವುದಕ್ಕೂ ದಾರ ಕಟ್ಟಲಿಲ್ಲ, ಯಾವುದಕ್ಕೂ ಬಗ್ಗಲಿಲ್ಲ. ಉಗುರು ಬೆಳೆಸಿಕೊಂಡೆ. ನೀವೂ ಬೆಳೆಸಿಕೊಳ್ಳಿ. ಮರಿಯಪ್ಪ ಊರಿಗೆ ಬಂದದ್ದನ್ನು ಬೇರೆ ಯಾರೂ ನೋಡಲಿಲ್ಲವೆಂದು ಕೇಳಿದ್ದೇನೆ.

ಆ ದಿನ ನಾನು ಊರ ಬಾಗಿಲಿಗೆ ಬರುವಾಗ ಮುದುಕ ನನಗಿಂತ ಮುಂಚೆ ಬಂದು ಅಲ್ಲಿ ನಿಂತಿದ್ದ. ಹಬ್ಬಕ್ಕೆಂದು ಬಳೆ ಸರಗಳ ಮಲಾರ ಹೊತ್ತ ಬಳೆಗಾರ ದೂರದಲ್ಲಿ ಬರುತ್ತಿದ್ದ. ಹಿಂದಿನ ವರ್ಷ ಸೊಸೆಯ ಬಳೆ ತೆಗೆಸಲು ದಿನ ನೋಡಿದ್ದವನು, ಬೇರೆ ಮನೆಯವರು ಕರೆದುಬಿಟ್ಟಾರೆಂದು ಕೈಯೆತ್ತಿ ಕೂಗಿದ.

"ಇತ್ಲಾಗ್ ಬಾರಪ್ಪ. ಮೊದ್ಲು ನಮ್ಮನೆಗೆ. ನಮ್ ಸೊಸೇಗೆ ಹಸುರು ಬಳೆ ತೊಡುಸ್ಬೇಕು."